ಏಳನೆಯದು ಹೇಳಿದಿರಿ, ಎಂಟನೆಯದು?

ಉಡುಪಿ ಕಡೆಯ ಓದುಗರೊಬ್ಬರು ಐದು ಪುಟದ ಪತ್ರ ಬರೆದಿದ್ದಾರೆ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಮೊದಲ ಮೂರು ಪುಟ ಓದುವಾಗ ಅಯ್ಯೋ ಪಾಪ ಅನಿಸಿತು. ನಾಲ್ಕನೆಯ ಪುಟಕ್ಕೆ ಬಂದಾಗ ಸಿಟ್ಟು ಬಂತು. ಆ ಸಿಟ್ಟಲ್ಲೇ ಉತ್ತರ ಬರೆಯುತ್ತಿದ್ದೇನೆ, ಬೇಸರ ಮಾಡಬೇಡಿ.

ಸಂಗತಿ ಇಷ್ಟು. 2014ರಲ್ಲಿ ಇವರು ದುಬೈ ಕೆಲಸ ಕಳೆದುಕೊಂಡು ಊರಿಗೆ ಬಂದಿದ್ದರು. ಸಾಲ ಕೊಟ್ಟವರು ಮನೆ ಬಾಗಿಲಿಗೆ ಬರುತ್ತಿದ್ದರು. ತಾಯಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಾಗಿತ್ತು. ಒಂದು ಮಧ್ಯಾಹ್ನ ತಾಯಿಯ ಕಪಾಟಿನಿಂದ ನಾಲ್ಕು ಬಳೆ, ಒಂದು ಸರ, ಒಟ್ಟು ಆರು ಪವನ್ ತೆಗೆದುಕೊಂಡು ಮಂಗಳೂರಿಗೆ ಬಸ್ಸು ಹತ್ತಿ ಮಾರಿಬಿಟ್ಟರು. ಸಾಲ ತೀರಿತು. ಆರು ತಿಂಗಳಲ್ಲಿ ತಾಯಿಯೂ ತೀರಿಹೋದರು. ಆಮೇಲೆ ಒಳ್ಳೆ ಕೆಲಸ, ಮದುವೆ, ಈಗ ಎಂಟು ವರ್ಷದ ಮಗಳು. ಆದರೆ ಭಾನುವಾರ ಇಗರ್ಜಿಯಲ್ಲಿ ಇವರು ಕೂರುವುದು ಕಟ್ಟಕಡೆಯ ಬೆಂಚಿನಲ್ಲಿ. ಎಲ್ಲರೂ ಪರಮಪ್ರಸಾದಕ್ಕೆ ಎದ್ದರೆ ಇವರು ಏಳುವುದಿಲ್ಲ. ಅತ್ತೂರು ಜಾತ್ರೆಯಲ್ಲಿ, ವೇಳಾಂಕಣಿಯಲ್ಲಿ, ಎಲ್ಲೆಲ್ಲೋ ಧ್ಯಾನಕೂಟಗಳಲ್ಲಿ ಒಟ್ಟು ಹನ್ನೊಂದು ಸಲ ಇದನ್ನೇ ಕುಮ್ಸಾರಿನಲ್ಲಿ, ಅಂದರೆ ಫಾದರ್ ಮುಂದೆ ಪಾಪ ಒಪ್ಪಿಕೊಳ್ಳುವಾಗ, ಹೇಳಿದ್ದಾರಂತೆ. “ದೇವರು ನನ್ನನ್ನು ನಿಜವಾಗಿ ಕ್ಷಮಿಸಿದ್ದಾರಾ?” ಎಂಬುದು ಪ್ರಶ್ನೆ.

ಇನ್ನು ಆ ನಾಲ್ಕನೆಯ ಪುಟ. ಅವರದೇ ಮಾತಿನಲ್ಲಿ: “ಬಂಗಾರ ಕಾಣದಾದಾಗ ಅಕ್ಕ ಹೋಮ್ ನರ್ಸ್ ಮೇಲೆ ಸಂಶಯಪಟ್ಟಳು, ಅವಳನ್ನು ಬಿಡಿಸಿ ಕಳಿಸಿದೆವು, ಅದು ಬೇರೆ ವಿಷಯ.”

ಬೇರೆ ವಿಷಯವಾ ಮಾರಾಯರೇ? ಐದು ಪುಟದಲ್ಲಿ ವಿಷಯ ಅಂತ ಇರುವುದು ಅದೊಂದೇ. ನಿಮ್ಮ ತಾಯಿಯನ್ನು ಮಗ್ಗುಲು ಬದಲಿಸಿ, ಮೈ ಒರೆಸಿ, ಗಂಜಿ ಕುಡಿಸಿದ ಹೆಂಗಸು. ಆಕೆಯ ಬ್ಯಾಗನ್ನು ಅಂಗಳದಲ್ಲಿ ಸುರಿಸಿ ನೋಡಿದಿರಿ ಎಂದು ಮುಂದಿನ ಸಾಲಿನಲ್ಲಿ ನೀವೇ ಬರೆದಿದ್ದೀರಿ. ಆ ತಿಂಗಳ ಸಂಬಳ ಹಿಡಿದುಕೊಂಡಿರಿ. ಅಕ್ಕ ಏಜೆನ್ಸಿಗೆ ಫೋನ್ ಮಾಡಿ “ಕಳ್ಳಿಯನ್ನು ಕಳಿಸಿದ್ದೀರಿ” ಎಂದು ಹೇಳುವಾಗ ನೀವು ಪಕ್ಕದ ಕುರ್ಚಿಯಲ್ಲಿದ್ದಿರಿ. ಏಜೆನ್ಸಿ ಮೂಲಕ ಮನೆಮನೆಗೆ ಹೋಗುವವರಿಗೆ ಅಂಥದ್ದೊಂದು ಫೋನ್ ಬಂತೆಂದರೆ ಮುಂದಿನ ಕೆಲಸ ಯಾರು ಕೊಡುತ್ತಾರೆ? ನಿಮ್ಮ ಪತ್ರದಲ್ಲಿ ಫಾದರ್‌ಗಳ ಹೆಸರು ಉಂಟು, ಧ್ಯಾನಕೂಟಗಳ ಹೆಸರು ಉಂಟು. ಆಕೆಯ ಹೆಸರು ಮಾತ್ರ ಇಲ್ಲ.

ಈ ಅಂಕಣ ಓದುವವರು ನಗಬಹುದು, ಇವಳದ್ದು ಮತ್ತೆ ಅದೇ ರಾಗ ಎಂದು. ನಗಲಿ. ಮನೆಯಲ್ಲಿ ಏನಾದರೂ ಕಳೆದರೆ ನಮ್ಮ ಕಣ್ಣು ಮೊದಲು ಹೋಗುವುದು ಕೆಲಸದವರ ಬ್ಯಾಗಿಗೆ. ಕ್ರಿಸ್ತುವರು, ಹಿಂದೂಗಳು, ಮುಸ್ಲಿಮರು, ಇದರಲ್ಲಿ ನಮಗೆ ಭೇದವಿಲ್ಲ.

ಹನ್ನೊಂದು ಸಲವೂ ನೀವು ಹೇಳಿದ್ದು ದೇವರ ಹತ್ತು ಆಜ್ಞೆಗಳಲ್ಲಿ ಏಳನೆಯದು: ಕದಿಯಬೇಡ. ಕಥೋಲಿಕರು ಎಣಿಸುವ ಕ್ರಮದಲ್ಲಿ ಅದರ ಪಕ್ಕದಲ್ಲೇ ಎಂಟನೆಯದು ಉಂಟು: ನೆರೆಯವನ ವಿರುದ್ಧ ಸುಳ್ಳುಸಾಕ್ಷಿ ಹೇಳಬೇಡ. ನಾನು ಸುಳ್ಳು ಹೇಳಲಿಲ್ಲ, ಸುಮ್ಮನಿದ್ದೆ ಎನ್ನುತ್ತೀರಿ. ಆ ಅಂಗಳದಲ್ಲಿ ಸತ್ಯ ಗೊತ್ತಿದ್ದವರು ಇಬ್ಬರೇ, ನೀವು ಮತ್ತು ಆಕೆ. ಆಕೆ ಹೇಳಿದ್ದನ್ನು ಯಾರೂ ನಂಬಲಿಲ್ಲ. ನಿಮ್ಮ ಮೌನಕ್ಕಿಂತ ದೊಡ್ಡ ಸಾಕ್ಷಿ ಅಲ್ಲಿ ಬೇರೆ ಯಾವುದಿತ್ತು?

ನಾನು ಪಾದ್ರಿಯಲ್ಲ, ದೇವಶಾಸ್ತ್ರ ಕಲಿತವಳೂ ಅಲ್ಲ. ಆದರೆ 1992ರಲ್ಲಿ ಬಂದ ಕಥೋಲಿಕ ಧರ್ಮೋಪದೇಶ ಗ್ರಂಥದ (ಕ್ಯಾಟೆಕಿಸಂ) 1459ನೆಯ ಪರಿಚ್ಛೇದ ಓದಲು ದೇವಶಾಸ್ತ್ರ ಬೇಕಾಗಿಲ್ಲ. ಪಾಪಕ್ಷಮೆಯಿಂದ ಪಾಪ ಹೋಗುತ್ತದೆ, ಪಾಪದಿಂದ ಆದ ಹಾನಿ ತನ್ನಿಂದ ತಾನೇ ಸರಿಯಾಗುವುದಿಲ್ಲ ಎಂಬುದು ಅದರ ತಾತ್ಪರ್ಯ. ಕೈಲಾದಷ್ಟು ಸರಿಪಡಿಸಬೇಕು ಎಂದು ಹೇಳಿ ಅದು ಕೊಡುವ ಉದಾಹರಣೆಗಳಲ್ಲಿ ಎರಡು ಇವು: ಕದ್ದದ್ದನ್ನು ಹಿಂದಿರುಗಿಸುವುದು, ಕೆಡಿಸಿದ ಹೆಸರನ್ನು ಸರಿಮಾಡುವುದು. ನಿಮ್ಮ ಪತ್ರ ನೋಡಿಯೇ ಬರೆದ ಹಾಗಿಲ್ಲವೇ?

ಒಬ್ಬ ವಯಸ್ಸಾದ ಫಾದರ್ ನಿಮ್ಮನ್ನು “ವಾಪಸ್ ಕೊಟ್ಟಿರಾ?” ಎಂದು ಕೇಳಿದ್ದರಂತೆ. ಅಮ್ಮ ತೀರಿಕೊಂಡಿದ್ದಾರೆ ಎಂದಿರಿ. ಆಮೇಲೆ ಆ ಇಗರ್ಜಿಗೆ ಹೋಗಲಿಲ್ಲ. ಹತ್ತು ಮಂದಿ ಸಮಾಧಾನ ಹೇಳಿದರು, ಒಬ್ಬರು ಪ್ರಶ್ನೆ ಕೇಳಿದರು. ಬಿಟ್ಟದ್ದು ಆ ಒಬ್ಬರನ್ನು.

ಯೇಸುಸಭೆ ಕಟ್ಟಿದ ಸಂತ ಇಗ್ನೇಷಿಯಸ್ ಕೂಡ 1522ರ ಹೊತ್ತಿಗೆ ಸ್ಪೇನಿನ ಮನ್ರೇಸಾದಲ್ಲಿ ಇದೇ ರೀತಿ ಹಳೆಯ ಪಾಪಗಳನ್ನು ಮತ್ತೆ ಮತ್ತೆ ನಿವೇದಿಸಿ ಬಳಲಿದ್ದರು. ಹಳೆಯದನ್ನು ಇನ್ನು ಎತ್ತುವುದಿಲ್ಲ ಎಂದು ನಿರ್ಧರಿಸಿದ ಮೇಲೆಯೇ ಅವರು ಪಾರಾದದ್ದು. ಅಂಥ ಸಂಕಟ ಪಡುವವರು ನಮ್ಮಲ್ಲೂ ಇದ್ದಾರೆ, ಅವರಿಗೆ ನಾನು “ಸಾಕು, ಎದ್ದು ಪರಮಪ್ರಸಾದ ತೆಗೆದುಕೊಳ್ಳಿ” ಎಂದೇ ಹೇಳುತ್ತೇನೆ. ನಿಮ್ಮದು ಅದಲ್ಲ. ಕಾಲಲ್ಲಿ ಮುಳ್ಳಿಟ್ಟುಕೊಂಡು ಹಣೆಗೆ ಮುಲಾಮು ಹಚ್ಚುತ್ತಿದ್ದೀರಿ.

ಮಗಳ ವಿಷಯಕ್ಕೆ ಬರುತ್ತೇನೆ. ಮಗುವಿಗೆ ಫಿಟ್ಸ್ ಬರುತ್ತದೆ. ಅದು ನಿಮ್ಮ ಪಾಪದ ಫಲ, ಮಾತ್ರೆಗಿಂತ ಪ್ರಾರ್ಥನೆ ಮುಖ್ಯ ಎಂದು ಪ್ರಾರ್ಥನಾ ಕೂಟದ ಒಬ್ಬ ಮುಂದಾಳು ಹೇಳಿದನಂತೆ. ಇಡೀ ಕತೆಯಲ್ಲಿ ನಾನು ಕ್ಷಮಿಸಲಾರದವನು ಅವನೊಬ್ಬ. ಯೊವಾನ್ನರ ಸುವಾರ್ತೆಯ 9ನೆಯ ಅಧ್ಯಾಯ ಅವನಿಗೆ ಓದಲು ಬರುವುದಿಲ್ಲವೇ? ಹುಟ್ಟುಕುರುಡನನ್ನು ತೋರಿಸಿ, ಪಾಪ ಮಾಡಿದವನು ಇವನೋ ಇವನ ತಂದೆತಾಯಿಯೋ ಎಂದು ಶಿಷ್ಯರು ಕೇಳಿದಾಗ, ಇವನೂ ಅಲ್ಲ ಇವನ ತಂದೆತಾಯಿಯೂ ಅಲ್ಲ ಎಂದರು ಯೇಸುಸ್ವಾಮಿ. ಫಿಟ್ಸ್ ಮಿದುಳಿನ ಕಾಯಿಲೆ. ಮಾತ್ರೆ ತಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಆ ಮನುಷ್ಯನನ್ನು ಇನ್ನು ಮನೆ ಮೆಟ್ಟಿಲು ಹತ್ತಿಸಬೇಡಿ.

ಹೆಂಡತಿ “ಹಳೆಯದನ್ನು ಕೆದಕಬೇಡಿ” ಎಂದರೆಂದು ದೂರಿದ್ದೀರಿ. ಅವರಿಗೂ ನೀವು ಹೇಳಿದ್ದು ಬಳೆಯ ಕತೆ ಮಾತ್ರ. ಪೂರ್ತಿ ಹೇಳಿ, ಆಮೇಲೆ ನೋಡುವ.

ಸುಂಕ ವಸೂಲಿಯ ಜಕ್ಕಾಯನ ಕತೆ ನಿಮಗೆ ಬಾಯಿಪಾಠ ಇರಬಹುದು, ಲೂಕರ ಸುವಾರ್ತೆಯ 19ನೆಯ ಅಧ್ಯಾಯ. ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿ ತೆಗೆದುಕೊಂಡದ್ದಕ್ಕೆ ನಾಲ್ಕು ಪಟ್ಟು ವಾಪಸ್. ಅವನು ಈ ಮಾತು ಆಡಿದ ಮೇಲೆ ಬಂತು, ಈ ದಿನ ಈ ಮನೆಗೆ ರಕ್ಷಣೆ ಬಂದಿದೆ ಎಂಬ ಯೇಸುಸ್ವಾಮಿಯ ಮಾತು. ಯೇಸುಸ್ವಾಮಿ ಅವನ ಮನೆಗೆ ಬರಲು ಮುಂಚೆಯೇ ಒಪ್ಪಿದ್ದರು ಎಂಬುದನ್ನೂ ಮರೆಯಬೇಡಿ. ಮೊದಲು ಲೆಕ್ಕ ಚುಕ್ತಾ ಮಾಡು, ಆಮೇಲೆ ಬರುತ್ತೇನೆ ಎನ್ನಲಿಲ್ಲ. ನಿಮ್ಮ ಪ್ರಶ್ನೆಗೆ ನನ್ನ ಉತ್ತರವೂ ಅದೇ. ಬಂಗಾರ ಕದ್ದದ್ದಕ್ಕೆ ನೀವು ಮನಸಾರೆ ಪಶ್ಚಾತ್ತಾಪ ಪಟ್ಟಿದ್ದರೆ ಕ್ಷಮೆ ಮೊದಲ ಕುಮ್ಸಾರಿನಲ್ಲೇ ಸಿಕ್ಕಿದೆ. ಇಷ್ಟು ವರ್ಷ ನಿದ್ದೆಗೆಡಿಸಿದ್ದು ನೀವು ಇನ್ನೂ ಹೇಳದೇ ಇರುವ ಮಾತು.

ಮೊದಲು ಮಾಡಬೇಕಾದದ್ದು ಒಂದೇ: ಈ ಭಾನುವಾರದೊಳಗೆ ಅಕ್ಕನ ಮನೆಗೆ ಹೋಗಿ ಬಾಯಿಬಿಟ್ಟು ಹೇಳಿ. ಫೋನಿನಲ್ಲಿ ಬೇಡ, ವಾಟ್ಸಾಪ್ ಬೇಡವೇ ಬೇಡ. ಅಕ್ಕ ಬಯ್ಯುತ್ತಾರೆ, ಅಳುತ್ತಾರೆ, ಒಂದಷ್ಟು ದಿನ ಮಾತು ಬಿಡಲೂಬಹುದು. ಬಂಗಾರದಲ್ಲಿ ಅವರಿಗೂ ಪಾಲಿತ್ತು, ಅದರ ಮಾತು ನಿಮ್ಮೊಳಗೆ ಆಗಲಿ. ಆದರೆ ಏಜೆನ್ಸಿಗೆ ಅಂದು ಫೋನ್ ಮಾಡಿದವರು ಅವರು, ಇಂದು ಅಲ್ಲಿಗೆ ನಿಮ್ಮ ಜೊತೆ ಬರಬೇಕಾದವರೂ ಅವರೇ. ಆಕೆಯ ಹೆಸರು, ಊರು ಅಲ್ಲಿ ಸಿಗಬಹುದು. ಏಜೆನ್ಸಿ ಮುಚ್ಚಿದ್ದರೆ ನಿಮ್ಮ ತಾಯಿಯನ್ನು ನೋಡಲು ಬರುತ್ತಿದ್ದ ಡಾಕ್ಟರನ್ನೋ ನೆರೆಮನೆಯವರನ್ನೋ ಕೇಳಿ. ಕದ್ದ ಹಣವಾದರೆ ಫಾದರ್ ಕೈಯಲ್ಲಿ ಹೆಸರಿಲ್ಲದೆ ತಲುಪಿಸುವ ದಾರಿ ಉಂಟು, ಕುಮ್ಸಾರಿನ ಗುಟ್ಟು ಅವರು ಯಾರಿಗೂ ಬಿಟ್ಟುಕೊಡುವಂತಿಲ್ಲ. ಈ ಕೆಲಸ ಹಾಗೆ ಆಗುವುದಿಲ್ಲ. ನೀವೇ ಆಕೆಯ ಮನೆಗೆ ಹೋಗಿ, ಆಕೆಯ ಗಂಡನೋ ಮಕ್ಕಳೋ ಇರುವಾಗಲೇ ಹೇಳಬೇಕು. ಹಿಡಿದ ಸಂಬಳ, ಅದರ ಮೇಲೆ ಜಕ್ಕಾಯನ ಲೆಕ್ಕ, ಎರಡೂ ಕೈಯಲ್ಲಿರಲಿ. ಆಕೆ ಕ್ಷಮಿಸಲೇಬೇಕು ಎಂದು ಮಾತ್ರ ಕಾಯಬೇಡಿ, ಅದು ಆಕೆಯ ಇಷ್ಟ.

ಅಕ್ಕನಿಗೆ ಹೇಳಿದ ಮರುದಿನ ನಿಮ್ಮ ಸ್ವಂತ ಇಗರ್ಜಿಗೆ ಹೋಗಿ, ನಿಮ್ಮ ಸ್ವರದ ಗುರುತು ಇರುವ ಫಾದರ್ ಹತ್ತಿರವೇ ಎಂಟನೆಯದನ್ನು ಹೇಳಿ. ಪತ್ರ ಬರೆಯುವುದಿದ್ದರೆ ಅದರ ನಂತರ ಬರೆಯಿರಿ, ಆಕೆಯ ಹೆಸರು ಹಾಕಿ.