ಪ್ರತಿಕ್ರಿಯೆ: ಅಮೆರಿಕದಲ್ಲಿ ಬಂದೂಕಿನ ಸೈಲೆನ್ಸರ್ ಈಗ ಮುಕ್ತವಾ?

"ಅಮೆರಿಕದಲ್ಲಿ ಸೈಲೆನ್ಸರ್ ಈಗ ಯಾರು ಬೇಕಾದರೂ ಕೊಳ್ಳಬಹುದಂತೆ, ನಿಜಾನಾ? ಕವಚ ಸೀಳುವ ಗುಂಡಿನ ಕಥೆ ಏನು?" ಅಂತ ಕೇಳಿದ್ದೀರಿ. ಪೂರ್ತಿ ಹಾಗಲ್ಲ ಸಾರ್.

1934ರ ಕಾಯ್ದೆ ಬಂದೂಕಿನ ಸದ್ದು ತಗ್ಗಿಸುವ ಈ ಸೈಲೆನ್ಸರ್ ಮೇಲೆ 200 ಡಾಲರ್ ತೆರಿಗೆ ಹಾಕಿತ್ತು. ಆ ಕಾಲಕ್ಕೆ ಅದು ಭಾರಿ ದುಡ್ಡು. 2025ರಲ್ಲಿ ಟ್ರಂಪ್ ಸಹಿ ಮಾಡಿದ ಕಾನೂನಿನಿಂದ 2026ರ ಜನವರಿ 1ಕ್ಕೆ ಅದು ಸೊನ್ನೆಯಾಯಿತು. ಆದರೆ ಅರ್ಜಿ, ಬೆರಳಚ್ಚು, ಫೋಟೊ, ನೋಂದಣಿ ಹೋಗಿಲ್ಲ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಂಥ ರಾಜ್ಯಗಳಲ್ಲಿ ಜನಸಾಮಾನ್ಯರು ಇಟ್ಟುಕೊಳ್ಳುವಂತೆಯೇ ಇಲ್ಲ.

ಸಿನಿಮಾದಲ್ಲಿ ಕೇಳುವ 'ಫುಸ್' ಸದ್ದನ್ನು ನಂಬಬೇಡಿ. ರೈಫಲ್ ಸದ್ದು ಸುಮಾರು 160 ಡೆಸಿಬೆಲ್. ಸೈಲೆನ್ಸರ್ ಅದರಲ್ಲಿ 20–30 ಕಡಿಮೆ ಮಾಡುತ್ತದೆ, ಅಷ್ಟೇ. ಗುಂಡು ಶಬ್ದಕ್ಕಿಂತ ವೇಗವಾಗಿ ಹೋದರೆ ಗಾಳಿಯಲ್ಲಿ ಏಳುವ ಚಟೀರ್ ಸದ್ದು ಹಾಗೇ ಇರುತ್ತದೆ. ಆದರೂ ಅಷ್ಟು ಸದ್ದು ತಗ್ಗುವುದರಿಂದ ಬೇಟೆಗಾರರ ಕಿವಿಗೆ ಒಳ್ಳೆಯದು ಅನ್ನೋ ವಾದ ಸುಳ್ಳಲ್ಲ. ಆದರೆ 2019ರಲ್ಲಿ ವರ್ಜೀನಿಯಾ ಬೀಚ್‌ನಲ್ಲಿ 12 ಜನರನ್ನು ಕೊಂದವನು ಬಳಸಿದ್ದೂ ಸೈಲೆನ್ಸರ್ ಹಾಕಿದ ಪಿಸ್ತೂಲನ್ನೇ. ವಿರೋಧಿಸುವವರು ಅದನ್ನು ಮರೆಯುವುದಿಲ್ಲ, ಮರೆಯಲೂಬಾರದು.

ಗುಂಡಿನ ಕಾನೂನು ಇನ್ನೂ ವಿಚಿತ್ರ. ಕವಚ ಸೀಳುವ ಗುಂಡಿಗೆ ತಡೆ ಹಾಕುವ 1986ರ ಕಾಯ್ದೆ ಮುಖ್ಯವಾಗಿ ನೋಡುವುದು ಗುಂಡಿನ ತಿರುಳು ಯಾವ ಲೋಹದ್ದು ಅಂತ: ಉಕ್ಕು, ಟಂಗ್‌ಸ್ಟನ್ ಇತ್ಯಾದಿ. ಅದೂ ಕೈಬಂದೂಕಿನಲ್ಲಿ ಹಾರಿಸಬಹುದಾದರೆ ಮಾತ್ರ. ಜಿಂಕೆ ಬೇಟೆಯ ಮಾಮೂಲಿ ರೈಫಲ್ ಗುಂಡು ಪೊಲೀಸರು ದಿನಾ ಹಾಕುವ ಮೆತ್ತನೆ ಕವಚವನ್ನು ಸಲೀಸಾಗಿ ದಾಟುತ್ತದೆ, ಅದಕ್ಕೆ ತಡೆ ಇಲ್ಲ! ನನ್ನ ಪ್ರಕಾರ ಇಡೀ ಕಾಯ್ದೆಯ ದೊಡ್ಡ ತೂತು ಇದೇ. 2015ರಲ್ಲಿ ಹಸಿರು ತುದಿಯ ಎಂ855 ಅನ್ನೋ ರೈಫಲ್ ಗುಂಡಿಗೆ ಈ ಕಾಯ್ದೆಯಿಂದ ಇದ್ದ ವಿನಾಯಿತಿ ತೆಗೆಯಲು, ಬಂದೂಕು ಕಾನೂನು ನೋಡಿಕೊಳ್ಳುವ ಎಟಿಎಫ್ ಇಲಾಖೆ ಹೊರಟಿತ್ತು. ಜನರಿಂದ 80,000ಕ್ಕೂ ಜಾಸ್ತಿ ಅಭಿಪ್ರಾಯಗಳು ಬಂದವು, ಬಹುಪಾಲು ವಿರೋಧವೇ; ಇಲಾಖೆ ಹಿಂದೆ ಸರಿಯಿತು.