ಕಾಸರಗೋಡಿನ ತೋಟದಲ್ಲಿ ಎಚ್ಚರಿಕೆಯ ಮಾತು ಯಾರಿಗೆ ತಲುಪುತ್ತದೆ

ಕಾಸರಗೋಡು ಎಂದ ಕೂಡಲೇ ನೀವು ಎಂಡೋಸಲ್ಫಾನ್ ಎಂಬ ಕೀಟನಾಶಕದ ಬಗ್ಗೆ ಕೇಳಿದಿರಿ. ಹೊರಗಿನಿಂದ ಬಂದವರೆಲ್ಲ ಕೇಳುತ್ತಾರೆ, ಕೇಳಬೇಕಾದದ್ದೇ. ಇಷ್ಟು ಭಾಷೆಯವರು ಒಂದೇ ತೋಟದಲ್ಲಿ ದುಡಿಯುವಾಗ ಜೀವ ಕಾಯುವುದು ಹೇಗೆ ಎಂದೂ ಕೇಳಿದಿರಿ. ಇವೆರಡೂ ನನಗೆ ಬೇರೆ ಬೇರೆ ಪ್ರಶ್ನೆಗಳಲ್ಲ.

1956ರ ನವೆಂಬರ್ 1ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯವರು, ಅಂದಿನಿಂದ ಕೇರಳದವರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಹೇಳಿತು. ಅದು ಜಾರಿಗೆ ಬರಲಿಲ್ಲ. ಎಣ್ಮಕಜೆ, ಬದಿಯಡ್ಕ, ಪೈವಳಿಕೆ ಕಡೆಯ ಯಾವುದೇ ಅಡಿಕೆ ತೋಟಕ್ಕೆ ಬನ್ನಿ: ಯಜಮಾನರ ಮನೆಯೊಳಗೆ ಹವ್ಯಕ ಕನ್ನಡ ಇರಬಹುದು, ಕರಾಡ ಇರಬಹುದು, ಬ್ಯಾರಿ ಇರಬಹುದು. ಕೆಲಸದವರಲ್ಲಿ ಮಲಯಾಳದವರು, ಮರಾಟಿ ನಾಯ್ಕರು, ಬಿಲ್ಲವರು, ಮಾಪಿಳ್ಳೆಗಳು. ಅಂಗಳ ದಾಟಿದರೆ ಹೆಚ್ಚಿನವರಿಗೂ ತುಳುವೇ ಮಾತು. ಈಗ ಕೆಲವು ವರ್ಷಗಳಿಂದ ಝಾರ್ಖಂಡ್, ಒಡಿಶಾ, ಬಂಗಾಳದ ಹುಡುಗರೂ ಇದ್ದಾರೆ. ಅವರೊಡನೆ ಹಿಂದಿ.

ಎಂಡೋಸಲ್ಫಾನ್ ವಿಷಯ ಅರ್ಥವಾಗಬೇಕಾದರೆ ನಮ್ಮ ನೆಲದ ಏರಿಳಿತ ಗೊತ್ತಿರಬೇಕು. ಸರಕಾರಿ ನಿಗಮದ ಗೇರು ತೋಟ ಗುಡ್ಡದ ಮೇಲೆ. ಮನೆ, ಶಾಲೆ, ಬಾವಿ, ತೋಡು ಎಲ್ಲ ಅದರ ಕೆಳಗೆ. ಕುಡಿಯುವ ನೀರೋ, ಆ ಗುಡ್ಡದ ಮುರಕಲ್ಲಿನಿಂದಲೇ ಬಾವಿಗೆ, ನೀರಿಗೆಂದು ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಕ್ಕೆ ಇಳಿದು ಬರುವಂಥದ್ದು. ಗೇರಿನ ಚಿಗುರಿನ ರಸ ಹೀರುವ ಟೀ ಸೊಳ್ಳೆ ಎಂಬ ಕೀಟಕ್ಕೆಂದು 1970ರ ದಶಕದ ಕೊನೆಯಿಂದ 2000ದವರೆಗೂ ಆ ಗುಡ್ಡಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದರು. ಕರುಗಳು ಅಂಗವಿಕಲವಾಗಿ ಹುಟ್ಟುತ್ತಿವೆ ಎಂದು ಮೊದಲು ಕಂಡದ್ದು ಹಳ್ಳಿಯವರಿಗೆ. ಅದನ್ನು ಹೊರಗೆ ಬರೆದವರು ನಮ್ಮ ಕನ್ನಡದ ಪತ್ರಕರ್ತ ಶ್ರೀಪಡ್ರೆ. ಒಂದೇ ಊರಿನಲ್ಲಿ ಇಷ್ಟೊಂದು ನರರೋಗ, ಬುದ್ಧಿಮಾಂದ್ಯ, ಕ್ಯಾನ್ಸರ್ ಏಕೆ ಎಂದು ಪಡ್ರೆ ಗ್ರಾಮದ ವಾಣೀನಗರದಲ್ಲಿ ಕೂತು ಕೇಳಿದವರು ಅಲ್ಲಿನ ವೈದ್ಯ ಡಾ. ಮೋಹನ್ ಕುಮಾರ್. ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಇದನ್ನು ತಡೆದದ್ದು 2011ರ ಮೇ 13ರಂದು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದದ್ದು 2017ರ ಜನವರಿಯಲ್ಲಿ. ಅಷ್ಟರಲ್ಲಿ ಮೊದಲ ಮಕ್ಕಳು ದೊಡ್ಡವರಾಗಿದ್ದರು, ಕೆಲವರು ತೀರಿಹೋಗಿದ್ದರು.

ಗಡಿಯಾಚೆ ಬೆಳ್ತಂಗಡಿ ತಾಲೂಕಿನ ಕೊಕ್ಕಡದಲ್ಲೂ ಇದೇ ಗೇರು, ಇದೇ ವಿಷ, ಇದೇ ಮಕ್ಕಳು. ಆದರೆ ಅವರ ಪಿಂಚಣಿ, ಪಟ್ಟಿ, ಶಿಬಿರ ಎಲ್ಲ ಬೇರೆ ಸರಕಾರದ್ದು. ಹೆಲಿಕಾಪ್ಟರಿನ ಕಾಲ ಮುಗಿಯಿತು. ಅಪಾಯ ಕಂಡವನ ಮಾತು ಅಧಿಕಾರ ಇರುವವನನ್ನು ಮುಟ್ಟುವುದಿಲ್ಲ, ಅಪಾಯ ಬಲ್ಲವನ ಮಾತು ಕೆಲಸ ಮಾಡುವವನನ್ನು ಮುಟ್ಟುವುದಿಲ್ಲ. ಮಾತು ಮುಟ್ಟದ ಈ ರೋಗ ಮಾತ್ರ ಮುಗಿದಿಲ್ಲ.

ಅಡಿಕೆ ತೋಟಕ್ಕೆ ಬರೋಣ. ಮುಂಗಾರು ಹಿಡಿಯುವ ಮೊದಲು, ಮತ್ತೆ ಸುಮಾರು 40-45 ದಿನಕ್ಕೆ, ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡಬೇಕು, ಅಂದರೆ ಸಿಂಪಡಿಸಬೇಕು. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು: ಬೋರ್ಡೋ ಎನ್ನುವ ಆ ಮದ್ದು ಇಷ್ಟೇ. ಕಾಲಿಗೆ ತಳೆ ಎಂಬ ಬಳೆಯಾಕಾರದ ಹಗ್ಗ ಹಾಕಿ ಮರ ಏರಿ, ಒಂದು ಮರದ ತುದಿಯಿಂದ ಇನ್ನೊಂದಕ್ಕೆ ದಾಟುತ್ತ ಬಿಡುವ ಕೆಲಸ. ಪಾಚಿ ಹಿಡಿದ ಮರ ಜಾರುತ್ತದೆ. ದ್ರಾವಣ ಕಣ್ಣಿಗೆ ಸಿಡಿಯುತ್ತದೆ, ಸಿಡಿದ ಕೈಯಲ್ಲೇ ಒರೆಸಿಕೊಳ್ಳುತ್ತಾರೆ. ಬಿದ್ದವರಲ್ಲಿ ಸತ್ತವರಿದ್ದಾರೆ, ಬೆನ್ನುಮೂಳೆ ಮುರಿದು ವರ್ಷಗಟ್ಟಲೆ ಹಾಸಿಗೆಯಲ್ಲಿ ಉಳಿದವರಿದ್ದಾರೆ. ಈ ಕೆಲಸವನ್ನು ತಂದೆಯಿಂದ ಮಗ ಕಲಿಯುತ್ತಿದ್ದ. ಈಗ ಮಗ ಮಂಗಳೂರಿಗೋ ಗಲ್ಫಿಗೋ ಹೋದ. ಹೋದದ್ದು ಒಳ್ಳೆಯದೇ.

ಆ ಜಾಗಕ್ಕೆ ಕಾರ್ಬನ್ ಫೈಬರಿನ ದೋಟಿ, ಅಂದರೆ ಉದ್ದನೆಯ ಕೋಲು, ಬಂತು. ನೆಲದಲ್ಲೇ ನಿಂತು ಗೊನೆ ಕೊಯ್ಯಬಹುದು, ಮದ್ದೂ ಬಿಡಬಹುದು. ನಮ್ಮ ಕಡೆಯ ತೋಟಕ್ಕೆ ಇತ್ತೀಚೆಗೆ ಬಂದ ದೊಡ್ಡ ಉಪಕಾರ ಇದು ಎಂದೇ ನನ್ನ ಎಣಿಕೆ. ಆದರೆ ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ. ಹಗುರವಾಗಿದೆ, ಕಬ್ಬಿಣದ ಹಾಗೆ ಕಾಣುವುದಿಲ್ಲ, ಹಾಗಾಗಿ ಹೆದರಿಕೆ ಹುಟ್ಟುವುದಿಲ್ಲ. ತೋಟದ ನಡುವೆ ಪಂಪಿನ ಕರೆಂಟು ಲೈನು ಹಾದುಹೋಗಿರುತ್ತದೆ. ದೋಟಿ ಹಿಡಿದವನ ಕಣ್ಣು ಗೊನೆಯ ಮೇಲಿರುತ್ತದೆಯೇ ಹೊರತು ಸರಿಗೆಯ (ತಂತಿಯ) ಮೇಲಲ್ಲ. ಆಗ ಬುಡದಲ್ಲಿ ನಿಂತವರು ತುಳುವಿನಲ್ಲಿ ‘ಮಿತ್ತ್ ಸರಿಗೆ ಉಂಡು, ತೂಲೆ’ (ಮೇಲೆ ತಂತಿ ಇದೆ, ನೋಡಿ) ಎಂದು ಕೂಗಬೇಕು. ದೋಟಿ ಹಿಡಿದವನು ಝಾರ್ಖಂಡಿನವನಾದರೆ ‘ಊಪರ್ ತಾರ್ ಹೈ’ ಎಂದೇ ಕೂಗಬೇಕು. ಕೆಲಸ ಶುರುವಾಗುವ ಮೊದಲೇ ಲೈನಿನ ಹತ್ತಿರದ ಮರಗಳನ್ನು ಅವನಿಗೆ ತೋರಿಸಿ, ಆ ಮರಗಳನ್ನು ಕರೆಂಟು ತೆಗೆಸಿದ ಮೇಲೆಯೇ ಮುಟ್ಟಬೇಕೆಂದು ಹೇಳಬೇಕು.

ಕೀಟನಾಶಕದ ಬಾಟಲಿಯದ್ದೂ ಇದೇ ಕಥೆ. ಗಡಿಯ ಈಚೆ ಕೊಂಡರೆ ಮಲಯಾಳದ ಚೀಟಿ, ವಿಟ್ಲ-ಪುತ್ತೂರಿನಲ್ಲಿ ಕೊಂಡರೆ ಕನ್ನಡದ್ದು. ಹೊಡೆಯುವವನಿಗೆ ಎರಡೂ ಓದಲು ಬಾರದಿರಬಹುದು. ಭಾಷೆ ಬೇಡದ ಗುರುತೊಂದು ಪ್ರತಿ ಬಾಟಲಿಯ ಮೇಲೂ ಇದೆ, ಬಣ್ಣದ ಚೌಕಾಕೃತಿ. ಕೆಂಪೆಂದರೆ ಕಡುವಿಷ, ಆಮೇಲೆ ಹಳದಿ, ನೀಲಿ, ಹಸಿರು. ನಮ್ಮ ಶಾಲೆಗಳಲ್ಲಿ ಟ್ರಾಫಿಕ್ ದೀಪದ ಬಣ್ಣ ಕಲಿಸುತ್ತಾರೆ, ಇದನ್ನು ಕಲಿಸುವುದಿಲ್ಲ. ಹಸಿರು ಕಂಡರೆ ವಿಷವೇ ಅಲ್ಲ ಎಂದುಕೊಳ್ಳುವವರೂ ಇದ್ದಾರೆ. ಅದು ಕಡಿಮೆ ವಿಷ, ಅಷ್ಟೇ.

ಮಳೆಗಾಲದ ಇಲಿಜ್ವರದ ಬಗ್ಗೆ ಒಂದೇ ಮಾತು. ಕೆಸರಿನಲ್ಲಿ ಕೆಲಸ ಮಾಡುವವರಿಗೆ ಆರೋಗ್ಯ ಇಲಾಖೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡುತ್ತದೆ, ಉದ್ಯೋಗ ಖಾತ್ರಿಯ ಅಕ್ಕಂದಿರಿಗೆ ಇದು ಗೊತ್ತು. ಶೆಡ್ಡಿನಲ್ಲಿ ಉಳಿಯುವ ಹೊರರಾಜ್ಯದ ಹುಡುಗನ ಬಳಿಗೆ ಆಶಾ ಕಾರ್ಯಕರ್ತೆ ತಲುಪಬೇಕಾದರೆ ಯಜಮಾನರೇ ಕರೆದು ಹೇಳಬೇಕು.

ಮತ್ತೆ ಆಸ್ಪತ್ರೆ. ಮರದಿಂದ ಬಿದ್ದವನನ್ನು, ಹಾವು ಕಚ್ಚಿದವನನ್ನು ನಾವು ಒಯ್ಯುವುದು ಮಂಗಳೂರಿಗೆ. ತಿರುವನಂತಪುರ ನಮಗೆ ರಾಜಧಾನಿ, ಜೀವ ಹೋಗುವ ಹೊತ್ತಿಗೆ ಊರು ಮಂಗಳೂರು. 2020ರ ಮಾರ್ಚ್ ಕೊನೆಗೆ ಕೋವಿಡ್ ಕಾರಣಕ್ಕೆ ಕರ್ನಾಟಕ ತಲಪಾಡಿಯ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿಯಿತು. ದಾಟಲಾಗದೆ ರೋಗಿಗಳು ಸತ್ತರು. ದಾರಿ ತೆರವು ಮಾಡಿಸಿ ಎಂದು ಏಪ್ರಿಲ್ 1ರಂದು ಕೇರಳ ಹೈಕೋರ್ಟು ಕೇಂದ್ರಕ್ಕೆ ಹೇಳಬೇಕಾಯಿತು. ಎಂಡೋಸಲ್ಫಾನ್ ಊರಿಗೇ ಹತ್ತಿರದ ಉಕ್ಕಿನಡ್ಕದಲ್ಲಿ ಕಟ್ಟುತ್ತಿದ್ದ ಸರಕಾರಿ ಮೆಡಿಕಲ್ ಕಾಲೇಜಿನ ಕಟ್ಟಡ ಕೋವಿಡ್ ಆಸ್ಪತ್ರೆಯಾಗಿ ತೆರೆದದ್ದು ಆ ತಿಂಗಳಲ್ಲೇ. ಆ ದಿನಗಳನ್ನು ನಾವು ಮರೆಯುವುದಿಲ್ಲ, ಯಾವ ಸರಕಾರವೂ ಮರೆಯಬಾರದು.

ಕನ್ನಡಕ್ಕಾಗಿ ನಾವು ಎಷ್ಟೋ ಅರ್ಜಿ ಬರೆದಿದ್ದೇವೆ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ಕನ್ನಡಿಗರಿಗೆ ತಮ್ಮ ಭಾಷೆಯಲ್ಲೇ ಸರಕಾರದೊಡನೆ ವ್ಯವಹರಿಸುವ ಹಕ್ಕು ಕೊಟ್ಟಿದೆ. ಕಚೇರಿಯ ಫಾರಂ ಮಲಯಾಳದಲ್ಲಿ ಮಾತ್ರ ಇದ್ದರೆ ನಾವು ಸಿಟ್ಟಾಗುತ್ತೇವೆ, ಆಗಲೇಬೇಕು. ಹಾಗಿರುವಾಗ ನಮ್ಮ ಮರ ಏರುವವನಿಗೆ, ನಮ್ಮ ಮದ್ದು ಬಿಡುವವನಿಗೆ ಅವನ ಮಾತಿನಲ್ಲಿ ಅಪಾಯ ಹೇಳುವುದು ನಮ್ಮದೇ ಹೊಣೆ. ಕೃಷಿಭವನದ ತರಬೇತಿಯಲ್ಲಿ ತುಳು, ಹಿಂದಿ ಬಲ್ಲವರು ಒಬ್ಬೊಬ್ಬರಾದರೂ ಇರಲಿ ಎಂದು ನಾನು ಕೇಳುತ್ತಲೇ ಇದ್ದೇನೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಬ್ಯಾಂಕು ಖಾತೆ ಇರುವ ಪ್ರತಿಯೊಬ್ಬ ಕೆಲಸದವನದ್ದನ್ನೂ ಮದ್ದು ಬಿಡುವ ಮೊದಲೇ ಮಾಡಿಸಿಕೊಡಿ ಎಂದು ನಮ್ಮ ಕಡೆಯ ಎಲ್ಲ ತೋಟದವರಿಗೂ ಹೇಳುತ್ತಿದ್ದೇನೆ.