ಸಂಪಾದಕರ ಉತ್ತರ: ಮೊಂತಿ ಹಬ್ಬಕ್ಕೆ ಬಾರದ ಹುಡುಗ

ಪ್ರೀತಿಯ ಟೀಚರ್,

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ಮಂಗಳೂರಿನ ಒಂದು ಶಾಲೆಯಲ್ಲಿ ಮೂವತ್ತೆರಡು ವರ್ಷ ಪಾಠ ಮಾಡಿದವರು, ಭಾನುವಾರ ಮಕ್ಕಳಿಗೆ ದೊತೊರ್ನ್, ಅಂದರೆ ಧರ್ಮಪಾಠ, ಹೇಳಿಕೊಟ್ಟವರು ಅಂತ ಮಾತ್ರ ಓದುಗರಿಗೆ ಹೇಳುತ್ತೇನೆ. ಸಲಿಂಗಿಗಳ ಹಕ್ಕುಗಳ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ನಾಲ್ಕು ಪುಟ ಬರೆದಿದ್ದೀರಿ. ಪೋಪರ ಮಾತನ್ನು ತಿರುಚಿದ್ದೀರಿ ಎಂಬುದು ಒಂದು ದೂರು. ನಾಳೆ ನಮ್ಮ ಫಾದರ್ ಇಬ್ಬರು ಗಂಡಸರಿಗೆ ಮದುವೆ ಮಾಡಿಸಬೇಕು ಅಂತ ಕೋರ್ಟ್ ಹೇಳುತ್ತದೆ ಎಂಬುದು ಇನ್ನೊಂದು. ನಮ್ಮ ನಂಬಿಕೆ ಹೇಳಿದರೆ ದ್ವೇಷ ಅನ್ನುತ್ತೀರಿ, ನಮ್ಮ ಚರ್ಚುಗಳಿಗೆ ಕಲ್ಲು ಬಿದ್ದಾಗ ಈ ಹಕ್ಕಿನ ಮಾತೆಲ್ಲ ಎಲ್ಲಿತ್ತು ಅಂತಲೂ ಕೇಳಿದ್ದೀರಿ. ಕಡೆಗೆ ಅಕ್ಕನ ಮಗನ ಬಗ್ಗೆ ಎರಡು ಸಾಲು.

ಮೊದಲ ದೂರು ಸರಿ. ನಮ್ಮ ಲೇಖನದಲ್ಲಿ 'ಪೋಪ್ ಸಲಿಂಗ ಮದುವೆ ಒಪ್ಪಿದರು' ಅಂತ ಇತ್ತು. ಅದು ತಪ್ಪು, ಕ್ಷಮಿಸಿ. 2023ರ ಡಿಸೆಂಬರ್‌ 18ರಂದು ವ್ಯಾಟಿಕನ್ ಹೊರಡಿಸಿದ ಪತ್ರ ಸಲಿಂಗ ಜೋಡಿಗಳು ಬಂದು ಕೇಳಿದರೆ ಪಾದ್ರಿ ಆಶೀರ್ವಾದ ಕೊಡಬಹುದು ಎಂದಿತು. ಅದು ಮದುವೆಯ ಹಾಗೆ ಕಾಣಬಾರದು, ಮದುವೆ ಅಂದರೆ ಗಂಡು ಹೆಣ್ಣಿನದ್ದೇ ಎಂಬ ಬೋಧನೆ ಬದಲಾಗಿಲ್ಲ ಅಂತಲೂ ಅದರಲ್ಲೇ ಇದೆ. ಅದೇ ವರ್ಷದ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಒಂದು ಸಂದರ್ಶನದಲ್ಲಿ ಸಲಿಂಗಿಯಾಗಿರುವುದು ಅಪರಾಧವಲ್ಲ ಅಂದಿದ್ದರು. ಪಾಪ ಬೇರೆ, ಅಪರಾಧ ಬೇರೆ ಅಂತ ಬಿಡಿಸಿ ಹೇಳಿದ್ದರು. ನನ್ನ ಉತ್ತರ ನಿಂತಿರುವುದೂ ಆ ಜಾಗದಲ್ಲೇ.

ಪಾಪ ಯಾವುದು ಅಂತ ಹೇಳುವ ಹಕ್ಕು ನಿಮ್ಮ ಧರ್ಮಸಭೆಗೆ ಇದೆ. ನಾನು ನಿಮ್ಮ ಸಭೆಯವನಲ್ಲ, ಆದರೂ ಆ ಹಕ್ಕನ್ನು ಯಾರಾದರೂ ಕಿತ್ತುಕೊಳ್ಳಲು ಬಂದರೆ ನಿಮ್ಮ ಪರವಾಗಿಯೇ ಬರೆಯುತ್ತೇನೆ. ಅಪರಾಧ ಯಾವುದು ಅಂತ ಹೇಳುವುದು ಮಾತ್ರ ದೇಶದ ಕಾನೂನಿನ ಕೆಲಸ. ಸಲಿಂಗ ಸಂಬಂಧವನ್ನು ಅಪರಾಧ ಅಂದಿದ್ದ, 1860ರಲ್ಲಿ ಬ್ರಿಟಿಷರು ಬರೆದ 377ನೇ ಕಲಂ ಇವೆರಡನ್ನೂ ಕಲಸಿಬಿಟ್ಟಿತ್ತು. 2009ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಸಡಿಲಿಸಿದಾಗ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಒಬ್ಬ ಜ್ಯೋತಿಷಿ ಇದ್ದರು, ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ ಇತ್ತು, ಉತ್ಕಲ್ ಕ್ರಿಶ್ಚಿಯನ್ ಕೌನ್ಸಿಲ್ ಕೂಡ ಇತ್ತು. ಬೇರೆ ವಿಷಯಕ್ಕೆ ಒಂದೇ ಬೆಂಚಿನಲ್ಲಿ ಕೂರದವರು ಇದಕ್ಕೆ ಒಟ್ಟಾದರು. 2013ರಲ್ಲಿ ಕಲಂ ವಾಪಸ್ ಬಂತು. ಆಗ ಮುಂಬೈಯ ಕಾರ್ಡಿನಲ್ ಓಸ್ವಾಲ್ಡ್ ಗ್ರೇಶಿಯಸ್, ಸಲಿಂಗ ಮದುವೆ ಒಪ್ಪದವರೇ, ನಮ್ಮ ಧರ್ಮಸಭೆ ಸಲಿಂಗಿಗಳನ್ನು ಎಂದೂ ಅಪರಾಧಿಗಳೆಂದು ನೋಡಿಲ್ಲ ಎಂದರು. ಇದನ್ನು ನಾವು ಲೇಖನದಲ್ಲಿ ಹಾಕಬೇಕಿತ್ತು, ಬಿಟ್ಟೆವು.

ಇನ್ನು ಮದುವೆಯ ಭಯ. ಒಂದು ವಿಷಯ ಯೋಚಿಸಿ ಟೀಚರ್. ನಿಮ್ಮಲ್ಲಿ ವಿಚ್ಛೇದನ ಇಲ್ಲ. ದೇವರು ಕೂಡಿಸಿದ್ದನ್ನು ಮನುಷ್ಯ ಬಿಡಿಸಬಾರದು ಅಂತ ನೀವೇ ಮಕ್ಕಳಿಗೆ ಕಲಿಸಿರುತ್ತೀರಿ. ಆದರೆ ಕ್ರೈಸ್ತರಿಗೇ ಅಂತ 1869ರಿಂದ ಒಂದು ವಿಚ್ಛೇದನ ಕಾಯ್ದೆ ಇದೆ. ಅದರಲ್ಲಿ ಗಂಡನಿಗೆ ಹೆಂಡತಿಯ ವ್ಯಭಿಚಾರ ತೋರಿಸಿದರೆ ಸಾಕಿತ್ತು, ಹೆಂಡತಿ ಮಾತ್ರ ವ್ಯಭಿಚಾರದ ಜೊತೆಗೆ ಹಿಂಸೆಯನ್ನೋ ಗಂಡ ಬಿಟ್ಟುಹೋದದ್ದನ್ನೋ ಸಾಬೀತು ಮಾಡಬೇಕಿತ್ತು. 2001ರಲ್ಲಿ ಅದನ್ನು ತಿದ್ದಿದರು, ಇಬ್ಬರೂ ಒಪ್ಪಿದರೆ ಬೇರೆಯಾಗಬಹುದು ಅಂತಲೂ ಸೇರಿಸಿದರು. ಅದರಿಂದ ಯಾವ ಇಗರ್ಜಿಯಲ್ಲಾದರೂ ಬೋಧನೆ ಬದಲಾಯಿತಾ? ಇಲ್ಲ ಅಲ್ವಾ? ಕೋರ್ಟಿನಿಂದ ವಿಚ್ಛೇದನ ಪಡೆದವರು ಇಗರ್ಜಿಯಲ್ಲಿ ಇನ್ನೊಂದು ಮದುವೆಯಾಗಬೇಕಾದರೆ ಇವತ್ತಿಗೂ ಧರ್ಮಸಭೆಯ ನ್ಯಾಯಪೀಠ ಮೊದಲ ಮದುವೆಯೇ ಅಸಿಂಧು ಅನ್ನಬೇಕು. ಆ ನ್ಯಾಯಪೀಠದ ಆದೇಶಕ್ಕೆ ಕಾನೂನಿನ ಬಲ ಇಲ್ಲ ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಮತ್ತೆ ಹೇಳಿದೆ. ಎರಡೂ ಪಕ್ಕಪಕ್ಕದಲ್ಲಿ ನಡೆಯುತ್ತಿವೆ. ವಿಚ್ಛೇದನವಾದ ಹೆಂಗಸಿಗೆ ಬಾಡಿಗೆ ಮನೆ ಕೊಡಬಾರದು, ಅವಳ ಕೆಲಸ ಕಿತ್ತುಕೊಳ್ಳಬೇಕು ಅಂತ ಯಾವ ಫಾದರೂ ಹೇಳುವುದಿಲ್ಲ. ಸಲಿಂಗಿಗಳ ವಿಷಯದಲ್ಲಿ ಇದೇ ಏರ್ಪಾಡು ಯಾಕೆ ಆಗದು?

2023ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಜೋಡಿಗಳು ಹೆಚ್ಚಾಗಿ ಕೇಳಿದ್ದು 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ, ಅಂದರೆ ರಿಜಿಸ್ಟ್ರಾರ್ ಮುಂದೆ, ಜಾಗ. ವೈಯಕ್ತಿಕ ಕಾನೂನುಗಳ ಒಳಗೆ ಹೋಗುವುದಿಲ್ಲ ಅಂತ ಪೀಠ ವಿಚಾರಣೆ ಶುರುವಾದಾಗಲೇ ಹೇಳಿತ್ತು. ಅಕ್ಟೋಬರ್ 17ರಂದು ಅದೂ ಸಿಗಲಿಲ್ಲ, ಸಂಸತ್ತು ನೋಡಿಕೊಳ್ಳಲಿ ಎಂದರು. ನಿಮ್ಮ ಫಾದರ್ ಬಾಗಿಲು ಯಾರೂ ತಟ್ಟಿಲ್ಲ.

ಚರ್ಚುಗಳ ಮೇಲಿನ ದಾಳಿಯ ಬಗ್ಗೆ ನೀವು ಬರೆದದ್ದು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. 2008ರ ಸೆಪ್ಟೆಂಬರ್ 14, ಭಾನುವಾರ, ಮಂಗಳೂರಿನ ಮಿಲಾಗ್ರಿಸ್ ಚರ್ಚಿನ ಹತ್ತಿರದ ಕ್ರೈಸ್ತ ಸನ್ಯಾಸಿನಿಯರ ಮಠದೊಳಗೆ ನುಗ್ಗಿ ಶಿಲುಬೆ ಒಡೆದರು. ಆಗ ಮಾತಾಡಬೇಕಾದ ಎಷ್ಟೋ ಜನ ಮಾತಾಡಲಿಲ್ಲ, ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ನಾಲ್ಕು ತಿಂಗಳು ಕಳೆದ ಮೇಲೆ, 2009ರ ಜನವರಿ 24ಕ್ಕೆ, ಇದೇ ಊರಿನ ಪಬ್ಬಿನಲ್ಲಿ ಹೆಣ್ಣುಮಕ್ಕಳನ್ನು ಅಟ್ಟಾಡಿಸಿ ಹೊಡೆದರು. ನಮ್ಮ ನೀತಿಯನ್ನು ಇನ್ನೊಬ್ಬರ ಮೈಮೇಲೆ ಹೇರುತ್ತೇವೆ ಎಂಬ ಹಟ ಎರಡೂ ಕಡೆ ಒಂದೇ. ಜಾಸ್ತಿ ಜನರ ನೀತಿ ಕಡಿಮೆ ಜನರ ಹಕ್ಕನ್ನು ತಿನ್ನುವಂತಿಲ್ಲ ಅಂತ 2018ರ ಸೆಪ್ಟೆಂಬರ್ 6ರಂದು, ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದ 377ನೇ ಕಲಮಿನ ತೀರ್ಪಿನಲ್ಲಿ, ಐವರು ನ್ಯಾಯಮೂರ್ತಿಗಳು ಹೇಳಿದರಲ್ಲ, ಈ ಕರಾವಳಿಯಲ್ಲಿ ಆ ಮಾತು ಸಲಿಂಗಿಗಳಿಗೆ ಎಷ್ಟು ಬೇಕೋ ನಿಮ್ಮ ಸಮುದಾಯಕ್ಕೂ ಅಷ್ಟೇ ಬೇಕು.

ನಂಬಿಕೆ ಹೇಳಿದ ಮಾತ್ರಕ್ಕೆ ನಿಮ್ಮನ್ನು ದ್ವೇಷಿ ಅನ್ನಲಾರೆ. ಕ್ಯಾಥೊಲಿಕ್ ಬೋಧನೆಯ ಪುಸ್ತಕವಾದ ಕ್ಯಾಟೆಕಿಸಂನ 2357ನೇ ಪ್ಯಾರಾವನ್ನು ನೀವು ಕೈಬರಹದಲ್ಲಿ ಪೂರ್ತಿ ಬರೆದು ಕಳಿಸಿದ್ದೀರಿ. ಅದು ಸಲಿಂಗ ಸಂಬಂಧ ತಪ್ಪು ಅನ್ನುತ್ತದೆ, ನಿಜ. ಅದರ ಕೆಳಗೇ 2358 ಇದೆ. ಅಂಥವರನ್ನು ಗೌರವದಿಂದ, ಕರುಣೆಯಿಂದ ಕಾಣಬೇಕು, ಅನ್ಯಾಯದ ತಾರತಮ್ಯ ಕೂಡದು ಅಂತ. ಅದನ್ನೂ ಬರೆದು ಕಳಿಸಬಹುದಿತ್ತು.

ಈಗ ಅಕ್ಕನ ಮಗ. ಅವನು ಮನೆಯಲ್ಲಿ ಹೇಳಿಕೊಂಡ, ಧ್ಯಾನಕೇಂದ್ರಕ್ಕೆ ಕರೆದುಕೊಂಡು ಹೋದರು, ಆಮೇಲೆ 'ಸರಿ ಮಾಡುತ್ತೇನೆ' ಅಂದ ಒಬ್ಬ ಡಾಕ್ಟರ ಹತ್ತಿರ. ಈಗ ಬೆಂಗಳೂರಿನಲ್ಲಿದ್ದಾನೆ, ಮೊಂತಿ ಹಬ್ಬಕ್ಕೂ, ಅಂದರೆ ಮಾತೆ ಮರಿಯಳ ಹುಟ್ಟುಹಬ್ಬದ ತೆನೆ ಹಬ್ಬಕ್ಕೂ, ಬರುವುದಿಲ್ಲ. ಇಷ್ಟೇ ಬರೆದಿದ್ದೀರಿ. ಪ್ರಾರ್ಥನೆಯ ಬಗ್ಗೆ ನಾನು ಏನೂ ಹೇಳುವುದಿಲ್ಲ. ಡಾಕ್ಟರ ಬಗ್ಗೆ ಹೇಳಲೇಬೇಕು. ಇದು ಕಾಯಿಲೆ ಅಲ್ಲ ಅಂತ ಭಾರತೀಯ ಮನೋವೈದ್ಯರ ಸಂಘವೇ 2018ರಲ್ಲಿ ಹೇಳಿದೆ. ಬದಲಾಯಿಸುವ ಚಿಕಿತ್ಸೆ ಕೊಡುವುದು ವೈದ್ಯರ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಇನ್ನೊಮ್ಮೆ ಆ ದಾರಿ ಬೇಡ, ದಯವಿಟ್ಟು.

2018ರ ತೀರ್ಪು ಬಂದ ದಿನ ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆ, ನಿಮ್ಮ ನೊವೇನ, ನಡೆಯುತ್ತಿತ್ತು, ಮಕ್ಕಳು ಬುಟ್ಟಿ ತುಂಬ ಹೂ ಹಿಡಿದು ಮಾತೆ ಮರಿಯಳ ಮುಂದೆ ಹಾಕುತ್ತಿದ್ದರು. ಎರಡು ದಿನಕ್ಕೆ ತೆನೆ ಹಬ್ಬ. ನಮ್ಮ ಪಕ್ಕದ ಮನೆಯ ಬಾಯಮ್ಮ ಗಲ್ಫಿನಲ್ಲಿದ್ದ ಮಗನಿಗೆ ಆಶೀರ್ವಾದ ಮಾಡಿದ ತೆನೆಯ ನಾಲ್ಕು ಕಾಳನ್ನು ಕವರಿನಲ್ಲಿ ಹಾಕಿ ಕಳಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಮಗ ಅಲ್ಲಿ ಹೇಗಿದ್ದಾನೆ, ಪೂಜೆಗೆ ಹೋಗುತ್ತಾನೋ ಇಲ್ಲವೋ, ಅವರು ಕೇಳುತ್ತಿರಲಿಲ್ಲ. ಮನೆಯವರೆಲ್ಲ ಹೊಸ ಅಕ್ಕಿ ಬಾಯಿಗಿಡುವಾಗ ಅವನಿಗೂ ಒಂದು ಪಾಲು ಹೋಗಬೇಕು, ಅಷ್ಟೇ.

ಹುಡುಗನ ವಿಳಾಸ ನಿಮ್ಮ ಹತ್ತಿರ ಇದೆಯಂತೆ. ಸೆಪ್ಟೆಂಬರ್ 8ಕ್ಕೆ ಇನ್ನೂ ಸಮಯ ಇದೆ.

ನಿಮ್ಮ ಪತ್ರವನ್ನು ಮುಂದಿನ ಸಂಚಿಕೆಯಲ್ಲಿ ಪೂರ್ತಿ ಹಾಕುತ್ತೇವೆ, ಅಕ್ಕನ ಮಗನ ಎರಡು ಸಾಲು ತೆಗೆಯಬೇಕಾದರೆ ಈ ವಾರದೊಳಗೆ ತಿಳಿಸಿ.

ನಿಮ್ಮ,
ಸಂಪಾದಕ